ಟಿಫಿನ್ ಬೋರ್ಡು ಇಳಿಸಬೇಕಾ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಗಳ ಪುಟದಲ್ಲಿ ಓದುಗರೊಬ್ಬರು ಹೋಟೆಲ್ ಬೋರ್ಡುಗಳ ಬಗ್ಗೆ ಬರೆದಿದ್ದರು. ‘ಟಿಫಿನ್’ ಎಂಬ ಪದವನ್ನು ನಮ್ಮ ಬೋರ್ಡುಗಳಿಂದ ತೆಗೆಸಿ ‘ಉಪಾಹಾರ’ ಎಂದು ಬರೆಸಬೇಕು ಎನ್ನುವುದು ಅವರ ಒಂದು ಮಾತು. ಹುಡುಗರ ಬೀದಿಮಾತು, ಹೋಟೆಲ್ ಮಾತು, ಲಾರಿ ಸ್ಟ್ಯಾಂಡಿನ ಮಾತು ಎಲ್ಲ ಸೇರಿ ಭಾಷೆ ಕೆಡುತ್ತಿದೆ ಎನ್ನುವುದು ಇನ್ನೊಂದು. ಆ ಪತ್ರವನ್ನು ಕತ್ತರಿಸಿ ಜೇಬಲ್ಲಿಟ್ಟುಕೊಂಡು ನಮ್ಮ ಗಿರಾಕಿಯೊಬ್ಬರು ಸೋಮವಾರ ಬೆಳಿಗ್ಗೆ ಬಂದರು. ಎರಡು ಖಾಲಿ ದೋಸೆ ತಿಂದರು. ಕೈ ತೊಳೆದು ಬಂದು ಆ ಚೀಟಿಯನ್ನು ಗಲ್ಲಾಪೆಟ್ಟಿಗೆ ಮೇಲಿಟ್ಟು, ‘ಓದಿ ನೋಡಮ್ಮ, ನಿಮ್ಮಂಥವರಿಗೇ ಬರೆದಿರೋದು’ ಎಂದರು. ಆ ಭರದಲ್ಲಿ ಬಿಲ್ಲು ಕೊಡೋದು ಮರೆತು ಹೊರಟುಹೋದರು.

ಓದಿದೆ. ಉತ್ತರ ಬರೆಯದೆ ಇರಲು ಆಗಲಿಲ್ಲ. ಸ್ವಲ್ಪ ಉದ್ದವಾಗುತ್ತೆ, ಜಾಗ ಇಲ್ಲದಿದ್ದರೆ ಕತ್ತರಿ ಹಾಕಿಕೊಳ್ಳಿ.

ದಾವಣಗೆರೆಯಲ್ಲಿ ನಮ್ಮದು 8 ಮೇಜಿನ ಸಣ್ಣ ಟಿಫಿನ್ ರೂಂ. ಮಾವನವರು ಶುರು ಮಾಡಿದ್ದು. ಅವರು ಹೋದ ಮೇಲೆ ಗಲ್ಲಾದ ಮೇಲೆ ನಾನು ಕೂತೆ. ಬೋರ್ಡಿನಲ್ಲಿ ಇರೋದೆಲ್ಲ ಕನ್ನಡ ಅಕ್ಷರವೇ. ಒಂದು ಸಲ ನಾನೂ ಹುರುಪಿನಲ್ಲಿ ‘ಟಿಫಿನ್’ ತೆಗೆಸಿ ‘ಉಪಾಹಾರ’ ಅಂತ ಬರೆಸಿದ್ದೆ. ಪೇಂಟರ್ ಒಂದು ದೀರ್ಘ ನುಂಗಿಬಿಟ್ಟ. ‘ಉಪಹಾರ’ ಆಯಿತು. ಉಪಹಾರ ಅಂದರೆ ಕಾಣಿಕೆ. ನಾಲ್ಕು ತಿಂಗಳು ನಮ್ಮ ಬಾಗಿಲ ಮೇಲೆ ‘ಕಾಣಿಕೆ ಮಂದಿರ’ ಅಂತ ಇದ್ದ ಹಾಗಾಯಿತು. ಒಬ್ಬರೂ ಕಾಣಿಕೆ ಹಾಕಲಿಲ್ಲ, ಒಬ್ಬರೂ ತಪ್ಪು ಹಿಡಿಯಲಿಲ್ಲ. ಬಂದವರೆಲ್ಲ ಕೇಳಿದ್ದು ಒಂದೇ: ‘ಟಿಫಿನ್ ಏನಿದೆ?’ ಸುಮ್ನೆ ಯಾಕೆ ಅಂತ ಹಳೇ ಬೋರ್ಡೇ ಬರೆಸಿದೆ. ಅಲ್ಲದೆ, ಅಚ್ಚ ಕನ್ನಡ ಬೇಕು ಅನ್ನುವವರು ‘ತಿಂಡಿ’ ಎನ್ನಬಹುದಿತ್ತಲ್ವಾ? ಉಪಾಹಾರ ಯಾವಾಗ ನಮ್ಮ ಅಡುಗೆಮನೆಯ ಮಾತಾಯಿತೋ ಗೊತ್ತಿಲ್ಲ.

ಈಗ ಟಿಫಿನ್ ಯಾರ ಮನೆಯ ಪದ ಅನ್ನೋದಕ್ಕೆ ಬರುತ್ತೇನೆ. ನಾನು ಬಿ.ಎ. ಓದಿದ್ದು ಐಚ್ಛಿಕ ಇಂಗ್ಲಿಷ್ ತಗೊಂಡು. ಅದು ಹೊಟ್ಟೆಗೆ ಏನೂ ಹಾಕಲಿಲ್ಲ, ಆದರೆ ಓದುವ ಚಟ ಬಿಡಲಿಲ್ಲ. ಬೆಂಗಳೂರಿಗೆ ಹೋದಾಗಲೆಲ್ಲ ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಒಂದು ಸುತ್ತು ಹಾಕುತ್ತೇನೆ. ಅಲ್ಲಿ 60 ರೂಪಾಯಿಗೆ ಸಿಕ್ಕಿದ್ದು ಫ್ರಾನ್ಸಿಸ್ ಗ್ರೋಸ್ ಅನ್ನುವವನ ನಿಘಂಟು. ಬೆನ್ನು ಹರಿದ ಮರುಮುದ್ರಣ. ಮೊದಲು ಅಚ್ಚಾಗಿದ್ದು 1785ರಲ್ಲಿ, ಲಂಡನ್ನಿನಲ್ಲಿ. ಬೀದಿಯವರು, ಕಳ್ಳರು, ಸೈನಿಕರು, ಹೆಂಡದಂಗಡಿಯವರು ಆಡುತ್ತಿದ್ದ ಮಾತುಗಳನ್ನೆಲ್ಲ ಅಕ್ಷರಮಾಲೆಯಂತೆ ಜೋಡಿಸಿಟ್ಟ ಪುಸ್ತಕ. ಮಧ್ಯಾಹ್ನ ಮೂರರಿಂದ ನಾಲ್ಕು ಗಂಟೆ ನಮ್ಮಲ್ಲಿ ಗಿರಾಕಿ ಕಡಿಮೆ. ಆ ಹೊತ್ತಿನಲ್ಲಿ ಇದನ್ನು ಓದಿ ಒಬ್ಬಳೇ ನಗುತ್ತೇನೆ. ನಮ್ಮ ಸಪ್ಲೈಯರ್ ಹುಡುಗರು ಮೊದಮೊದಲು ಗಾಬರಿಯಾಗಿದ್ದರು.

ಗ್ರೋಸ್ ಒಳ್ಳೇ ಡೊಳ್ಳು ಹೊಟ್ಟೆಯ ಮನುಷ್ಯ. ಹಳೇ ಕೋಟೆ, ಹಳೇ ಚರ್ಚು ಅಂತ ಊರೂರು ತಿರುಗಿ ಚಿತ್ರ ಬರೆಯುತ್ತಿದ್ದ. ಒಂದು ಕಾಲಕ್ಕೆ ಸರ‍್ರಿ ಸೀಮೆಯ ಮಿಲಿಷಿಯಾ ಎಂಬ ಸ್ಥಳೀಯ ಸೈನ್ಯದಲ್ಲಿ ಸಂಬಳ ಬಟವಾಡೆ ಮಾಡುವ ಕೆಲಸದಲ್ಲಿದ್ದ. ತನ್ನ ಹತ್ತಿರ ಇರೋದು ಎರಡೇ ಲೆಕ್ಕದ ಪುಸ್ತಕ, ಒಂದು ಬಲಜೇಬು ಇನ್ನೊಂದು ಎಡಜೇಬು ಅನ್ನುತ್ತಿದ್ದನಂತೆ. ಒಂದರಲ್ಲಿ ಬಂದ ದುಡ್ಡು, ಇನ್ನೊಂದರಿಂದ ಕೊಡುವ ದುಡ್ಡು. ಸಾಲಕ್ಕೆ ಬಿದ್ದ ಅಂತ ಬೇರೆ ಹೇಳಬೇಕಾಗಿಲ್ಲ. ಗಲ್ಲಾದಲ್ಲಿ ಕೂತವಳಿಗೆ ಇಂಥವರ ಮೇಲೆ ಸಿಟ್ಟು ಬರಬೇಕು. ನನಗೆ ಯಾಕೋ ಪ್ರೀತಿಯೇ ಜಾಸ್ತಿ.

ರಾತ್ರಿ ಹೊತ್ತು ಸಹಾಯಕ ಟಾಮ್ ಕಾಕಿಂಗ್‌ನನ್ನು ಜೊತೆಗೆ ಕರೆದುಕೊಂಡು ಲಂಡನ್ನಿನ ಸೇಂಟ್ ಜೈಲ್ಸ್ ಕೇರಿಯ ಕಡೆ ಹೋಗುತ್ತಿದ್ದನಂತೆ. ಭಿಕ್ಷುಕರು, ಜೇಬುಗಳ್ಳರು ತುಂಬಿದ್ದ ಕೇರಿ. ಅವರ ಜೊತೆ ಕುಡಿದು, ಹರಟಿ, ಕೇಳಿದ ಮಾತು ಬರೆದುಕೊಳ್ಳುವುದು. ಆ ಪುಸ್ತಕದ ಪ್ರಕಾರ ಹೇನು ಅಂದರೆ ‘ಚುರುಕು ನಾಗರಿಕ’. ಬಾಯಿ ಅಂದರೆ ‘ಮೂಳೆ ಡಬ್ಬಿ’. ಶವದ ಪೆಟ್ಟಿಗೆ ಅಂದರೆ ‘ಅನಂತದ ಪೆಟ್ಟಿಗೆ’. ಗಂಡನನ್ನು ಗಲ್ಲಿಗೇರಿಸಿದರೆ ಹೆಂಡತಿ ‘ಸೆಣಬಿನ ವಿಧವೆ’. ನೇಣಿನ ಹಗ್ಗ ಸೆಣಬಿನದು ನೋಡಿ, ಅದಕ್ಕೆ. ಕಳ್ಳರಿಗೆ ರಾತ್ರಿ ‘ಡಾರ್ಕ್‌ಮನ್ಸ್’, ಹಗಲು ‘ಲೈಟ್‌ಮನ್ಸ್’. ಕುಡಿದು ಎದುರಿಗೆ ಕೂತವನ ಮಡಿಲಿಗೆ ವಾಂತಿ ಮಾಡುವವನು ‘ಇಕ್ಕಟ್ಟು ಕಡಲುಗಳ ನೌಕಾಧಿಪತಿ’. ಮೊಟ್ಟೆಗೆ ಕಳ್ಳರ ಮಾತಿನಲ್ಲಿ ‘ಕೊಕ್ಕೊಕ್ಕೋ ಹೂಸು’. ಇದನ್ನು ಅಚ್ಚು ಹಾಕುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು. ನನಗೆ ತುಂಬ ಇಷ್ಟವಾದದ್ದು ಚಹಾಕ್ಕಿದ್ದ ಹೆಸರು: ‘ಚಾಡಿ ಸಾರು’. ದಿನಕ್ಕೆ ಮುನ್ನೂರು ಲೋಟ ಟೀ ಮಾರುವವಳು ನಾನು. ಆ ಹೆಸರು ಎಷ್ಟು ಸರಿ ಅಂತ ನನ್ನಷ್ಟು ಚೆನ್ನಾಗಿ ಯಾರೂ ಹೇಳಲಾರರು.

ಇವೆಲ್ಲ ಇವತ್ತು ಇಂಗ್ಲೆಂಡಿನವರ ಬಾಯಲ್ಲಿ ಇಲ್ಲ. ಆದರೆ ಅದೇ ಪುಸ್ತಕದ ‘ಟಿ’ ಅಕ್ಷರದಲ್ಲಿ ಒಂದು ದಿನ ‘ಟಿಫಿಂಗ್’ ಕಣ್ಣಿಗೆ ಬಿತ್ತು. ಅರ್ಥ: ಊಟದ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು, ಕುಡಿಯುವುದು. ತಲೆ ಎತ್ತಿ ನೋಡಿದೆ. ಗಾಜಿನಾಚೆ ನಮ್ಮದೇ ಬೋರ್ಡು, ಹಿಂದಿನಿಂದ ತಿರುಗುಮುರುಗಾಗಿ ಕಾಣುತ್ತಿತ್ತು. ಮೈ ಜುಮ್ಮೆಂದಿತು, ಸುಳ್ಳು ಹೇಳಲಾರೆ.

ಗ್ರೋಸ್ ಆ ಪದಕ್ಕೆ ಇನ್ನೆರಡು ಅರ್ಥ ಕೊಟ್ಟಿದ್ದಾನೆ. ಒಂದು, ಜಗಳ. ಸಣ್ಣ ಜಗಳಕ್ಕೆ ಇಂಗ್ಲಿಷಿನಲ್ಲಿ ಈಗಲೂ ‘ಟಿಫ್’ ಅನ್ನುತ್ತಾರೆ. ಮೂರನೆಯದು ಮನೆಮಂದಿ ಓದುವ ಪೇಪರಿಗೆ ಬರೆಯುವಂಥದ್ದಲ್ಲ. 1886ರಲ್ಲಿ ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಎಂಬಿಬ್ಬರು ಸಿದ್ಧ ಮಾಡಿದ ‘ಹಾಬ್ಸನ್-ಜಾಬ್ಸನ್’ ನಿಘಂಟು ಹೊರಬಂತು. ಇಂಡಿಯಾದಲ್ಲಿದ್ದ ಇಂಗ್ಲಿಷರು ಬಳಸುತ್ತಿದ್ದ ಪದಗಳ ಕೋಶ ಅದು. ಟಿಫಿನ್ ಚೀನೀ ಮಾತಿನಿಂದ ಬಂತು, ಅರಬ್ಬೀ ಮಾತಿನಿಂದ ಬಂತು ಎಂಬ ವಾದಗಳೂ ಆಗ ಇದ್ದವು. ಅವರು ಒಪ್ಪಲಿಲ್ಲ. ಇದು ಇಂಗ್ಲಿಷಿನದೇ ಹಳೇ ಬೀದಿಮಾತು, ಇಂಡಿಯಾದಲ್ಲಿ ಉಳಿದುಕೊಂಡಿದೆ ಅಂತ ನಂಬುತ್ತೇವೆ ಎಂದು ಬರೆದರು. ಸಾಕ್ಷಿಗೆ ಗ್ರೋಸನ ಮೊದಲ ಅರ್ಥ ಕೊಟ್ಟು, ಉಳಿದದ್ದಕ್ಕೆ ‘ಬೇರೆ ಅರ್ಥಗಳೂ ಇವೆ’ ಎಂದು ಮರ್ಯಾದೆಯಾಗಿ ಮುಗಿಸಿದರು. ಬರ್ನೆಲ್ ನಮ್ಮ ಮಂಗಳೂರಿನಲ್ಲೂ ನ್ಯಾಯಾಧೀಶರಾಗಿದ್ದವರು, ತುಳುನಾಡಿನ ಭೂತಾರಾಧನೆಯ ಹಾಡು-ಕಥೆಗಳನ್ನು ಕೂಡಿಸಿಟ್ಟವರು. ಪಾಪ, ಈ ನಿಘಂಟು ಅಚ್ಚಾಗುವ ಮೊದಲೇ, 1882ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಪತ್ರ ಬರೆದ ಹಿರಿಯರು ‘ಟಿಫಿನ್ ಸಾಹೇಬರ ಪದ’ ಎಂದಿದ್ದಾರೆ. ಹಾಗಲ್ಲ. ಆ ಕಾಲದ ದೊಡ್ಡ ಮನುಷ್ಯರು ಮುಖ ಸಿಂಡರಿಸುತ್ತಿದ್ದ ಬೀದಿ ಪದ ಅದು. ಹಡಗು ಹತ್ತಿ ಇಲ್ಲಿಗೆ ಬಂತು. ಅಲ್ಲಿ ಸತ್ತೇಹೋಯಿತು. ಇವತ್ತು ಲಂಡನ್ನಿನ ಹೋಟೆಲಿನಲ್ಲಿ ಟಿಫಿನ್ ಎಂದು ಬರೆದಿದ್ದರೆ ಅದು ನಮ್ಮ ದೇಶದ ತಿಂಡಿ ಅಂತಲೇ ಲೆಕ್ಕ.

ಬೀದಿ ಮಾತಿನಿಂದ ಭಾಷೆ ಕೆಡುತ್ತದೆ ಎಂಬ ದೂರು ಕೂಡ ಹೊಸದಲ್ಲ. ಪೇಪರಿಗೆ ಪತ್ರ ಬರೆದು ದೂರಿದವರಲ್ಲಿ ದೊಡ್ಡವರೇ ಇದ್ದಾರೆ. 1710ರ ಸೆಪ್ಟೆಂಬರಿನಲ್ಲಿ ಜೊನಾಥನ್ ಸ್ವಿಫ್ಟ್, ಅದೇ ಗಲಿವರನ ಕಥೆ ಬರೆದವನು, ಲಂಡನ್ನಿನ ‘ಟ್ಯಾಟ್ಲರ್’ ಪತ್ರಿಕೆಗೆ ಇಂಥದ್ದೇ ಒಂದು ಪತ್ರ ಬರೆದ. ಥೇಟ್ ಈಗ ನಾವು ವಾಟ್ಸ್ಆಪ್ ಹುಡುಗರನ್ನು ಬೈಯುವ ಹಾಗೆಯೇ. ಪದಗಳ ಬಾಲ ಕತ್ತರಿಸುತ್ತಾರೆ ಎಂಬುದು ಅವನ ಸಿಟ್ಟು. ‘ಪಾಸಿಟಿವ್’ ಹೋಗಿ ‘ಪಾಜ್’ ಆಯಿತು, ‘ರೆಪ್ಯುಟೇಷನ್’ ಹೋಗಿ ‘ರೆಪ್’, ಮುಖಚರ್ಯೆ ಎನ್ನುವ ಉದ್ದನೆಯ ಪದ ಹೋಗಿ ‘ಫಿಜ್’. ಗುಂಪಿಗಿದ್ದ ಲ್ಯಾಟಿನ್ ಮಾತು ಹೋಗಿ ‘ಮಾಬ್’. ‘ಬ್ಯಾಂಟರ್’ (ಚೇಷ್ಟೆಮಾತು), ‘ಬ್ಯಾಂಬೂಜಲ್’ (ಮೋಸ ಮಾಡು) ಅಂಥ ಹೊಸ ಹುಟ್ಟುಗಳ ಮೇಲೂ ಕೆಂಡ. ‘ಮಾಬ್ ಮತ್ತು ಬ್ಯಾಂಟರ್ ಹಬ್ಬದಂತೆ ತಡೆಯಲು ಎಷ್ಟೋ ವರ್ಷದಿಂದ ನನ್ನ ಕೈಲಾದದ್ದೆಲ್ಲ ಮಾಡಿದೆ, ಎದುರಿದ್ದವರ ಸಂಖ್ಯೆಯೇ ಜಾಸ್ತಿಯಾಯಿತು, ಸಹಾಯ ಮಾಡುತ್ತೇವೆ ಅಂದವರೂ ಕೈಕೊಟ್ಟರು’ ಎಂದು ಗೋಳಾಡಿದ್ದಾನೆ.

ಏನಾಯಿತು? ಪಾಜ್ ಸತ್ತಿತು, ಯಾರೂ ಕೊಲ್ಲಲಿಲ್ಲ, ತಾನೇ ಹೋಯಿತು. ಮಾಬ್ ಮತ್ತು ಬ್ಯಾಂಟರ್ ಇವತ್ತು ಇಂಗ್ಲಿಷಿನ ಮರ್ಯಾದಸ್ಥ ಪದಗಳು. ಯಾವುದು ಉಳಿಯುತ್ತೆ, ಯಾವುದು ಹೋಗುತ್ತೆ ಅನ್ನೋದು ಸ್ವಿಫ್ಟನಂಥವನಿಗೇ ಗೊತ್ತಾಗಲಿಲ್ಲ.

ಸಾಮ್ಯುಯೆಲ್ ಜಾನ್ಸನ್ ಇನ್ನೂ ಖಡಕ್. 1755ರ ತನ್ನ ದೊಡ್ಡ ನಿಘಂಟಿನ ಮುನ್ನುಡಿಯಲ್ಲೇ ಹೇಳಿಬಿಟ್ಟ: ದುಡಿಯುವವರ, ವ್ಯಾಪಾರದವರ ಬಾಯಲ್ಲಿ ಇವತ್ತು ಇದ್ದು ನಾಳೆ ಇಲ್ಲದ ಮಾತುಗಳು ಭಾಷೆಯ ಬಾಳಿಕೆ ಬರುವ ಸರಕಲ್ಲ, ಉಳಿಸಲು ಯೋಗ್ಯವಲ್ಲದ ಬೇರೆ ವಸ್ತುಗಳ ಜೊತೆ ಅವೂ ಹಾಳಾಗಲಿ. ‘ಫನ್’ ಅನ್ನುವ ಪದಕ್ಕೆ ಅವನು ಕಟ್ಟಿದ ಚೀಟಿ ‘ಕೀಳು ಮಾತು’. ‘ಜಾಬ್’ ಕೂಡ ಅವನಿಗೆ ಕೀಳು ಪದವೇ, ಎಲ್ಲಿಂದ ಬಂತೋ ಹೇಳಲಾರೆ ಅಂದ. ಇವತ್ತು ಜಾಬ್ ಇಲ್ಲ ಅಂತ ಅಳುವ ಮಕ್ಕಳ ಅಪ್ಪ-ಅಮ್ಮಂದಿರು ನನ್ನ ಹೋಟೆಲಿಗೆ ದಿನಾ ಬರುತ್ತಾರೆ.

ಜಾನ್ಸನ್ ಇನ್ನೊಂದು ಪದದ ಬಗ್ಗೆ ಬರೆದದ್ದು ನನಗೆ ಹತ್ತಿರದ್ದು. ‘ಡಾಫ್’. ‘ಡು’ ಮತ್ತು ‘ಆಫ್’ ಸೇರಿ ಆದ ಪದ, ಕಳಚು ಎಂದರ್ಥ. ಬಟ್ಟೆ ಕಳಚುವುದು, ಟೋಪಿ ತೆಗೆಯುವುದು. ಈ ಪದದ ಎಲ್ಲ ಅರ್ಥಗಳೂ ಬಳಕೆ ತಪ್ಪಿವೆ, ಹಳ್ಳಿಗಮಾರರು ಬಿಟ್ಟರೆ ಯಾರೂ ಆಡುವುದಿಲ್ಲ ಎಂದು ಅವನ ತೀರ್ಪು. ಹಾಗೆ ಬರೆದು ಕೆಲವೇ ದಶಕಗಳಲ್ಲಿ ಇಂಗ್ಲೆಂಡಿನ ಉತ್ತರದಲ್ಲಿ ನೂಲಿನ ಮಿಲ್ಲುಗಳು ಎದ್ದವು. ನೂಲು ತುಂಬಿದ ಬಾಬಿನ್‌ಗಳನ್ನು ಯಂತ್ರದಿಂದ ಕಳಚಿ ಖಾಲಿಯದನ್ನು ಸಿಕ್ಕಿಸಬೇಕು. ಆ ಕೆಲಸಕ್ಕೆ ಹಳ್ಳಿಯ ಬಾಯಲ್ಲಿದ್ದ ಪದವೇ ಸಿಕ್ಕಿತು. ಡಾಫಿಂಗ್. ಮಾಡುವವನು ಡಾಫರ್.

ನಮ್ಮಪ್ಪ ದಾವಣಗೆರೆಯ ಒಂದು ಕಾಟನ್ ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿದ್ದರು. ಆಗ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಅಪ್ಪ ರಾತ್ರಿಪಾಳಿ ಮುಗಿಸಿ ಬಂದರೆ ಕೂದಲು, ಹುಬ್ಬು, ಕಿವಿಯೊಳಗೆಲ್ಲ ಹತ್ತಿಯ ದೂಳು. ಬಚ್ಚಲಲ್ಲಿ ಕೂತು ನೀರು ಹೊಯ್ದುಕೊಳ್ಳುತ್ತ, ‘ಇವತ್ತು ಡಾಫರ್ ಹುಡುಗ್ರು ಕಮ್ಮಿ, ಡಾಫಿಂಗ್ ನಾನೇ ಮಾಡ್ದೆ’ ಎನ್ನುತ್ತಿದ್ದರು. ಆರನೇ ಕ್ಲಾಸು ದಾಟದ ಮನುಷ್ಯ. ಮಿಲ್ಲು ಬಾಗಿಲು ಹಾಕಿತು. ಆಮೇಲೆ ಮನೆಯಲ್ಲಿ ಆ ಪದ ಕೇಳಿದ್ದು ಒಂದೇ ಸಲ. ತೀರಿಹೋಗುವ ಮೊದಲು ಆಸ್ಪತ್ರೆಯಲ್ಲಿ, ನರ್ಸ್ ಗ್ಲೂಕೋಸ್ ಬಾಟಲಿ ಬದಲಾಯಿಸುವಾಗ ನನ್ನ ಕಡೆ ನೋಡಿ, ‘ಡಾಫಿಂಗ್ ನಡೀತಿದೆ’ ಎಂದು ನಕ್ಕರು.

ಇದೇ ಡಾಫರ್ ಕೆಲಸ ಮಾಡಿದ ಇನ್ನೊಬ್ಬ ಹುಡುಗನ ಕಥೆ ಹೇಳಲೇಬೇಕು. ಹೆಸರು ಜೋಸೆಫ್ ರೈಟ್. 1855ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನ ಬ್ರಾಡ್‌ಫರ್ಡ್ ಹತ್ತಿರ ಬಡವರ ಮನೆಯಲ್ಲಿ ಹುಟ್ಟಿದವನು. ಆರನೇ ವಯಸ್ಸಿಗೆ ಕಲ್ಲಿನ ಕ್ವಾರಿಯಲ್ಲಿ ಕತ್ತೆ ಹೊಡೆಯುವ ಕೆಲಸ, ಉಳಿ-ಸುತ್ತಿಗೆ ಕತ್ತೆಗಾಡಿಗೆ ಹೇರಿ ಕಮ್ಮಾರನ ಹತ್ತಿರ ಒಯ್ಯುವುದು. ಏಳಕ್ಕೆ ಸಾಲ್ಟೇರ್ ಎಂಬ ಊರಿನ ಮಿಲ್ಲಿನಲ್ಲಿ ಡಾಫರ್. ಹದಿನೈದರವರೆಗೆ ಓದು ಬರಹ ಬರದು. ಆಗ ಫ್ರಾನ್ಸ್ ಮತ್ತು ಪ್ರಷ್ಯಾ ಯುದ್ಧ ನಡೆದಿತ್ತು. ಜೊತೆಯವರು ಪೇಪರ್ ಓದಿ ಸುದ್ದಿ ಹೇಳುವಾಗ ತನಗೆ ಓದಲು ಬರದಲ್ಲ ಅಂತ ಸಂಕಟಪಟ್ಟು ಅಕ್ಷರ ಕಲಿತ. ಸಂಪಾದಕರೇ, ಪೇಪರಿನ ಮಹಿಮೆ ನೋಡಿ. ಮುಂದೆ ದುಡ್ಡು ಉಳಿಸಿಕೊಂಡು ಜರ್ಮನಿಗೆ ಹೊರಟ. ಬೆಲ್ಜಿಯಂನ ಆಂಟ್‌ವರ್ಪ್‌ನಿಂದ ಹೈಡೆಲ್‌ಬರ್ಗ್‌ವರೆಗೆ ನಡೆದೇ ಹೋದ. ಡಾಕ್ಟರೇಟ್ ಮಾಡಿದ. ಕೊನೆಗೆ ಆಕ್ಸ್‌ಫರ್ಡಿನಲ್ಲಿ ಭಾಷಾಶಾಸ್ತ್ರದ ಪ್ರೊಫೆಸರ್ ಆದ. ಅವನ ‘ಇಂಗ್ಲಿಷ್ ಉಪಭಾಷೆಗಳ ನಿಘಂಟು’ 1898ರಿಂದ 1905ರ ನಡುವೆ 6 ಸಂಪುಟಗಳಲ್ಲಿ ಬಂತು. ಹಳ್ಳಿ ಹಳ್ಳಿಯ ಮಾತು, ರೈತರ ಮಾತು, ಕೂಲಿಯವರ ಮಾತು, ಜಾನ್ಸನ್ ಕಸದ ಬುಟ್ಟಿಗೆ ಹಾಕಿದ್ದೆಲ್ಲ ಅಲ್ಲಿ ಇದೆ. ಕ್ವಾರಿಯ ಹುಡುಗನಲ್ಲದೆ ಇನ್ಯಾರು ಅದನ್ನು ಮಾಡಬೇಕಿತ್ತು?

ಅವನ ನಂತರವೂ ಅಲ್ಲಿಯವರು ಬಿಡಲಿಲ್ಲ. ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ಮತ್ತು ಜೊತೆಯವರು 1950ರಿಂದ 1961ರವರೆಗೆ 313 ಊರುಗಳಿಗೆ ಹೋಗಿ, 1,300ಕ್ಕೂ ಜಾಸ್ತಿ ಪ್ರಶ್ನೆ ಕೇಳಿ ಹಳ್ಳಿಯವರ ಮಾತು ಬರೆದುಕೊಂಡರು. ವಯಸ್ಸಾದವರೇ ಬೇಕು, ಆದರೆ ಹಲ್ಲು ಗಟ್ಟಿ ಇರಬೇಕು, ಕಿವಿ ಚುರುಕಿರಬೇಕು ಅಂತ ಹುಡುಕುತ್ತಿದ್ದರಂತೆ. ಎಡಗೈ ಬಳಸುವವನನ್ನು ಒಂದು ಕಡೆ ‘ಕ್ಯಾಕ್-ಹ್ಯಾಂಡೆಡ್’ ಅಂದರೆ ಉತ್ತರದ ಮೂಲೆಯಲ್ಲಿ ‘ಕಡ್ಡಿ-ವಿಫ್ಟರ್’. ನಮ್ಮಲ್ಲಿ ಒಂದು ಕಡೆ ಎಡಚ, ಇನ್ನೊಂದು ಕಡೆ ರೊಡ್ಡ ಅನ್ನೋ ಹಾಗೆ.

ಲಾರಿ ಸ್ಟ್ಯಾಂಡಿನ ಮಾತಿನ ಬಗ್ಗೆಯೂ ಒಂದು. ಹೈವೇ ಕಡೆಯ ಡ್ರೈವರುಗಳು ನಮ್ಮಲ್ಲಿ ಬೆಳಗಿನ ಜಾವ ಟೀ ಕುಡಿಯುತ್ತಾರೆ. ‘ಸ್ಟೆಪ್ನಿ ಪಂಚರ್’ ಅನ್ನೋದು ದಿನಾ ಕೇಳುವ ಮಾತು. ವೇಲ್ಸ್ ಸೀಮೆಯಲ್ಲಿ ಲನೆತ್ಲಿ ಎಂಬ ಊರಿದೆ, ಆ ಊರಿನಲ್ಲಿ ಸ್ಟೆಪ್ನಿ ಸ್ಟ್ರೀಟ್ ಎಂಬ ಬೀದಿಯಿದೆ. ಮೊದಮೊದಲ ಕಾರುಗಳಿಗೆ ಬಿಡಿ ಚಕ್ರ ಇರಲಿಲ್ಲ. 1904ರಲ್ಲಿ ಆ ಬೀದಿಯಲ್ಲಿ ಡೇವಿಸ್ ಎಂಬ ಅಣ್ಣತಮ್ಮಂದಿರು ಕಡ್ಡಿಗಳಿಲ್ಲದ, ಗಾಳಿ ತುಂಬಿದ ಬಿಡಿ ಚಕ್ರ ಮಾಡಿ, ಅದಕ್ಕೆ ಬೀದಿಯ ಹೆಸರನ್ನೇ ಇಟ್ಟರು. ಪಂಚರಾದ ಚಕ್ರದ ಪಕ್ಕಕ್ಕೆ ಬಿಗಿದು ಮನೆ ಸೇರುವುದು. ಬ್ರಿಟನ್ನಿನಲ್ಲಿ ಆ ಹೆಸರು ಮರೆತೇ ಹೋಯಿತು. ನಮ್ಮ ಹರಿಹರದ ಕ್ಲೀನರ್ ಹುಡುಗನಿಗೆ ಅದು ಬಿಟ್ಟರೆ ಬೇರೆ ಪದ ಗೊತ್ತಿಲ್ಲ.

ನಾನು ಇಂಗ್ಲಿಷನ್ನು ತಲೆ ಮೇಲೆ ಹೊತ್ತು ಮೆರೆಸಿ ಅನ್ನುತ್ತಿಲ್ಲ. ಬರೀ ಇಂಗ್ಲಿಷ್ ಅಕ್ಷರದ ಬೋರ್ಡು ಕಂಡರೆ ನನಗೂ ಉರಿಯುತ್ತದೆ. ಆದರೆ ಹೋಟೆಲ್ ಮಾತು ಕಸ ಅನ್ನುವುದನ್ನು ಮಾತ್ರ ಒಪ್ಪಲಾರೆ. ನಮ್ಮಲ್ಲಿ 34 ವರ್ಷ ಸಪ್ಲೈಯರ್ ಆಗಿದ್ದ ಒಬ್ಬರು ಹೋದ ವರ್ಷ ಕೆಲಸ ಬಿಟ್ಟು ಊರಿಗೆ ಹೋದರು. ಒಳಗೆ ಕೂಗುತ್ತಿದ್ದ ಅವರ ಮಾತಿಗೇ ಒಂದು ತಾಳ ಇತ್ತು. ‘ಎರಡು ಖಾಲಿ, ಒಂದು ಓಪನ್, ಬೆಣ್ಣೆ ಮುಂದೆ, ಟೀ ಬೈಟು!’ ಬೈಟು ಅಂದರೆ ಒಂದನ್ನು ಇಬ್ಬರಿಗೆ ಹಂಚುವುದು ಅಂತ ಬಿಡಿಸಿ ಹೇಳಿದರೂ ಯಾವ ಇಂಗ್ಲಿಷಿನವನಿಗೂ ತಲೆಗೆ ಹೋಗುವುದಿಲ್ಲ. ದುಡ್ಡು ಕೊಡದೆ ಜಾರಿಕೊಳ್ಳುವ ಗಿರಾಕಿಗೆ ಅವರ ಹೆಸರು ‘ಗಾಳಿಪಟ’. ‘ನಾಲ್ಕನೇ ಟೇಬಲ್ ಗಾಳಿಪಟ’ ಎಂದರೆ ನಾನು ಬಾಗಿಲ ಕಡೆ ನೋಡುತ್ತಿದ್ದೆ. ಈಗಿನ ಹುಡುಗರು ಆರ್ಡರನ್ನು ಮೊಬೈಲಿನಲ್ಲಿ ಒತ್ತುತ್ತಾರೆ, ಒಳಗೆ ಚೀಟಿ ಬರುತ್ತದೆ. ಕೂಗು ನಿಂತಿತು.

ಅದಕ್ಕೆ ಒಂದು ಕೇಳಿಕೆ. ಬೋರ್ಡು ತಿದ್ದುವ ಪತ್ರಗಳ ಪಕ್ಕದಲ್ಲಿ ವಾರಕ್ಕೊಂದು ಅಂಗೈಯಗಲ ಜಾಗ ಕೊಡಿ. ಮಿಲ್ಲಿನಲ್ಲಿದ್ದವರು, ಹತ್ತಿ ಮಾರ್ಕೆಟ್ಟಿನ ಹಮಾಲರು, ಮಂಡಕ್ಕಿ ಭಟ್ಟಿಯವರು, ಲಾರಿ ಡ್ರೈವರುಗಳು ತಮ್ಮ ಕೆಲಸದ ಮಾತುಗಳನ್ನು ಬರೆದು ಕಳಿಸಲಿ. ಹಲ್ಲು ಗಟ್ಟಿ ಇರಬೇಕು ಅಂತೇನೂ ಇಲ್ಲ. ಮೊದಲ ಕಂತಿಗೆ ನಾನು ಅಪ್ಪನ ಬಾಯಲ್ಲಿ ಕೇಳಿದ 41 ಪದ ಬರೆದಿಟ್ಟಿದ್ದೇನೆ. ಎರಡರ ಅರ್ಥ ಮರೆತಿದೆ, ಅಪ್ಪನ ಜೊತೆ ಕೆಲಸ ಮಾಡಿದವರು ಯಾರಾದರೂ ಹೇಳಿಯಾರು.

ಚೀಟಿ ತಂದ ಗಿರಾಕಿ ಗುರುವಾರ ಮತ್ತೆ ಬಂದರು. ಕೇಳುವ ಮೊದಲೇ ಹಳೇ ಬಾಕಿ ಕೊಟ್ಟರು. ನಾನು ಚಿಲ್ಲರೆ ಎಣಿಸುವಾಗ ಅಭ್ಯಾಸಬಲದಿಂದ, ‘ನಿಮ್ಮದು ಟಿಫಿನ್ ಆಯ್ತೇನಮ್ಮ?’ ಎಂದರು. ಇನ್ನೂ ಇಲ್ಲ ಅಂದೆ.

— ಟಿಫಿನ್ ರೂಮಿನ ಗಲ್ಲಾದವಳು, ದಾವಣಗೆರೆ